ಕರ್ಮಪದವಿಲ್ಲದ ಒಂದು ಪ್ರಶ್ನೆ

ಬಳ್ಳಾರಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಹೊಸದಲ್ಲ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಅಡ್ವಾನ್ಸ್ ಎಷ್ಟು, ಕರೆಂಟ್ ಮೀಟರ್ ಬೇರೆಯೋ ಒಂದೆಯೋ ಎಂಬ ಮಾತೆಲ್ಲ ಮುಗಿದು, ಇನ್ನೇನು ಬೀಗದ ಕೈ ಅಂಗೈಗೆ ಬೀಳಬೇಕು ಎನ್ನುವಾಗ ಮನೆಯವರು ಮೆಲ್ಲಗೆ ಕೇಳುತ್ತಾರೆ: "ನೀವು ತಿನ್ನುತ್ತೀರಾ?"

ಏನನ್ನು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಕರ್ಮಕ ಧಾತುವಿಗೆ ಕರ್ಮಪದ ಬೇಕೇ ಬೇಕು ಎಂದು ಮಕ್ಕಳಿಗೆ ವರ್ಷಗಳಿಂದ ಹೇಳಿಕೊಡುತ್ತಿರುವ ಕನ್ನಡ ಮೇಷ್ಟ್ರು ನಾನು. 'ತಿನ್ನು' ಅಪ್ಪಟ ಸಕರ್ಮಕ. ಆದರೆ ನಮ್ಮ ಕಡೆಯ ಈ ಪ್ರಶ್ನೆಯಲ್ಲಿ ಮಾತ್ರ ಅದು ತನ್ನ ಕರ್ಮವನ್ನು ನುಂಗಿ ಸುಮ್ಮನೆ ಕೂತಿರುತ್ತದೆ. "ನಾವು ತಿನ್ನುವುದಿಲ್ಲ" ಎಂದು ಗತ್ತಿನಿಂದ ಹೇಳುವವರು ಮಧ್ಯಾಹ್ನವಷ್ಟೇ ನಾಲ್ಕು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಮುಗಿಸಿ ಎದ್ದಿರುತ್ತಾರೆ. ಕೇಳುವುದು ಊಟದ ಮಾತು, ತಿಳಿಯಬೇಕಾದದ್ದು ಜಾತಿ. ಇದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು.

2011ರ ಜೂನ್ ತಿಂಗಳು. ಅಷ್ಟರಲ್ಲಿ ಐದು ಮನೆಗಳು ಈ ಪ್ರಶ್ನೆಯ ಮುಂದೆ ಕೈತಪ್ಪಿದ್ದವು. ಆರನೆಯ ಮನೆಯ ಅಮ್ಮ ಹೊಸ್ತಿಲ ಒಳಗೆ, ನಾನು ಮತ್ತು ನನ್ನ ಹೆಂಡತಿ ಹೊರಗೆ. ನಡುವೆ ಬೆಳಗಿನ ರಂಗೋಲಿ. ಪ್ರಶ್ನೆ ಬಂತು. ನಾನು ರಂಗೋಲಿಯ ಚುಕ್ಕಿಗಳನ್ನು ನೋಡುತ್ತ "ಇಲ್ಲ ಅಮ್ಮ" ಎಂದೆ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ನಾವು ಸಿರುಗುಪ್ಪ ತಾಲೂಕಿನ ಹೊಳೆದಂಡೆಯ ಊರಿನವರು. ತುಂಗಭದ್ರೆಯ ಮೀನಿನ ಮುಳ್ಳು ಬಿಡಿಸುವುದನ್ನು ಅಕ್ಷರಕ್ಕಿಂತ ಮೊದಲು ಕಲಿತವರು.

ಹೀಗೆ ನಾನು ಸಸ್ಯಾಹಾರಿಯಾದೆ. ದಯೆಯಿಂದಲ್ಲ, ದೀಕ್ಷೆಯಿಂದಲ್ಲ, ಎರಡು ಕೋಣೆ ಒಂದು ಅಡುಗೆಮನೆಗಾಗಿ.

ಮೊದಲ ವರ್ಷ ಆ ಮಾತು ಬಾಯಿಮಾತಷ್ಟೇ ಆಗಿತ್ತು. ಭಾನುವಾರ ಮಧ್ಯಾಹ್ನ "ಪೇಟೆಗೆ ಹೋಗಿ ಬರುತ್ತೇವೆ ಅಮ್ಮ" ಎಂದು ಹೊರಟು, ದೂರದ ಒಂದು ಹೋಟೆಲಿನಲ್ಲಿ ಮಟನ್ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಮನೆಗೆ ಬಂದವರೇ ನಿಂಬೆಹೋಳಿನಿಂದ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆವು. ಎರಡನೆಯ ವರ್ಷ ಹೆಂಡತಿ ಹೆರಿಗೆಗೆ ತವರಿಗೆ ಹೋದಾಗ ನನಗೆ ಕಾಮಾಲೆ ಬಂತು. ಕಣ್ಣು, ಉಗುರು, ಉಟ್ಟ ಬನಿಯನ್ ಎಲ್ಲ ಅರಿಶಿನ. ಮೂರು ತಿಂಗಳ ಪಥ್ಯ: ಎಣ್ಣೆ ಇಲ್ಲ, ಖಾರ ಇಲ್ಲ, ಮಾಂಸದ ಮಾತೇ ಇಲ್ಲ. ಆ ಮೂರು ತಿಂಗಳೂ ಮೆಟ್ಟಿಲ ಮೇಲೆ ನನಗಾಗಿ ಗಂಜಿಯ ಪಾತ್ರೆ, ಮಜ್ಜಿಗೆಯ ತಂಬಿಗೆ ಬಂದು ಕೂರುತ್ತಿದ್ದವು. ಪಥ್ಯ ಮುಗಿದ ಭಾನುವಾರ ಹಳೆಯ ಹೋಟೆಲಿಗೆ ಒಬ್ಬನೇ ಹೋದೆ. ತಟ್ಟೆ ಬಂತು. ಸಾರಿನ ಮೇಲೆ ತೇಲುವ ಕೆಂಪು ಎಣ್ಣೆಯನ್ನು ನೋಡುತ್ತ ಕೂತೆ. ಹೊಟ್ಟೆ ಒಪ್ಪಲಿಲ್ಲ. ಆ ಕ್ಷಣದಲ್ಲಿ ಕುರಿಯ ಕಣ್ಣು, ಅದರ ಆರ್ತನಾದ ಯಾವುದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಮಜ್ಜಿಗೆ ತಂಬಿಗೆ.

2017ರಲ್ಲಿ ಸ್ವಂತ ಮನೆಗೆ ಹೊರಟಾಗ ಆ ಅಮ್ಮನಿಗೆ ಹಣ್ಣು, ಸೀರೆ ಕೊಟ್ಟು ಕಾಲಿಗೆ ಬಿದ್ದೆವು. ಅವರು ಮಗುವಿನ ಕೆನ್ನೆ ಹಿಂಡಿ, ನನ್ನ ಕಡೆ ತಿರುಗಿ, "ಮೇಷ್ಟ್ರೇ, ಮೊದಲ ವರ್ಷ ಭಾನುವಾರ ಸಂಜೆ ಮಾತ್ರ ನಿಮ್ಮ ಕಸದ ಬುಟ್ಟಿಯಲ್ಲಿ ನಿಂಬೆ ಸಿಪ್ಪೆ ಇರುತ್ತಿತ್ತು" ಎಂದರು. ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಸ್ವಂತ ಮನೆಯಲ್ಲಿ ಯಾರ ಹಂಗೂ ಇಲ್ಲ. ಹೆಂಡತಿ ಮೊದಲ ಭಾನುವಾರವೇ ಒಂದು ಕಿಲೋ ತರಿಸಿ ಮಸಾಲೆ ಅರೆದಳು. ನಾನು ಮೊಸರನ್ನ ಕಲಸಿಕೊಂಡೆ. "ಮನೆ ಬಿಟ್ಟು ಬಂದರೂ ಮನೆಯವರ ಭಯ ಬಿಟ್ಟಿಲ್ಲ ನಿಮಗೆ" ಎಂದಳು ಅವಳು. ಇಂದಿಗೂ ನಮ್ಮ ಅಡುಗೆಮನೆಯಲ್ಲಿ ಎರಡು ಗುಂಪಿನ ಪಾತ್ರೆಗಳಿವೆ. ಜಗಳವಿಲ್ಲ.

ಆದರೆ ಕಾರಣ ಕೇಳುವವರಿಗೆ ಬರವೇ? ಬೀಗರ ಮನೆಯಲ್ಲಿ ಒತ್ತಾಯ ಮಾಡಿದರೆ "ಡಾಕ್ಟರು ಬೇಡ ಎಂದಿದ್ದಾರೆ" ಎನ್ನುತ್ತೇನೆ. ಭಕ್ತಿವಂತರು ಕೇಳಿದರೆ "ಹರಕೆ". ಸಾಹಿತ್ಯದ ಗೆಳೆಯರು ಕೂಡಿದ ಕಡೆ "ಜೀವಹಿಂಸೆ ಸರಿ ಕಾಣುವುದಿಲ್ಲ" ಎಂದು ದನಿ ತಗ್ಗಿಸಿ ಹೇಳಿದ್ದೂ ಉಂಟು. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಕಾಲು ಒಂದು ದಾರಿ ಹಿಡಿದು ನಡೆದು ಬಿಡುತ್ತದೆ, ಕಾರಣಗಳು ಹಿಂದಿನಿಂದ ಚಪ್ಪಲಿ ಹಿಡಿದುಕೊಂಡು ಓಡಿ ಬರುತ್ತವೆ. ಬಿಟ್ಟವರನ್ನೂ ಹಿಡಿದವರನ್ನೂ ನೋಡುತ್ತ ಬಂದ ಮೇಲೆ ನನ್ನದೊಂದೇ ಇಂಥ ಕಥೆ ಅಲ್ಲ ಎಂಬ ಅನುಮಾನ ಬಲವಾಗಿದೆ.

ಅವ್ವನ ಸಂಗತಿಯನ್ನೇ ನೋಡಿ. ನಮ್ಮ ಊರಿನಲ್ಲಿ ಮಾಂಸ ಎಂದರೆ ಅಂಗಡಿಯಿಂದ ತರುವ ಪದಾರ್ಥ ಆಗಿರಲಿಲ್ಲ. ಯುಗಾದಿಯ ಮರುದಿನದ ಕರಿಗೋ, ಯಾರೋ ದೇವರು ಮಾಡಿದಾಗಲೋ, ಹದಿನೈದು ಹದಿನಾರು ಮನೆಯವರು ಕೂಡಿ ಒಂದು ಕುರಿ ಹಿಡಿದಾಗಲೋ ಬರುತ್ತಿತ್ತು. ಬೇವಿನ ಮರದ ಕೆಳಗೆ ತಾಡಪತ್ರೆ ಹಾಸಿ, ನಮ್ಮ ದೊಡ್ಡಪ್ಪ ಪಾಲು ಹಾಕಲು ಕೂರುತ್ತಿದ್ದ. ಹದಿನಾರು ಮನೆಗೆ ಹದಿನಾರು ಗುಂಪೆ. ತೊಡೆಯ ತುಂಡು ಒಂದೊಂದು, ಎಲುಬು ಎರಡೆರಡು, ಬೋಟಿಯ ಒಂದು ಗೇಣು, ಕೊನೆಗೆ ಈಲಿ, ಎಂದರೆ ಯಕೃತ್ತು. ಒಂದು ಕುರಿಯ ಈಲಿಯನ್ನು ಹದಿನಾರಾಗಿ ಕತ್ತರಿಸುವುದೆಂದರೆ ಅಕ್ಕಸಾಲಿಗನ ಕೆಲಸ. ಅಡಿಕೆ ಹೋಳಿನಷ್ಟು ಚೂರನ್ನು ಬೆರಳ ತುದಿಯಲ್ಲಿ ಎತ್ತಿ ಈ ಗುಂಪೆಯ ಮೇಲಿಟ್ಟು, ತಲೆ ಓರೆ ಮಾಡಿ ನೋಡಿ, ಮನಸ್ಸು ಒಪ್ಪದೆ ಪಕ್ಕದ ಗುಂಪೆಗೆ ವರ್ಗಾಯಿಸುತ್ತಿದ್ದ. ಎಲ್ಲ ಸಮವಾಯಿತು ಎನಿಸಿದ ಮೇಲೆ ಒಬ್ಬ ಹುಡುಗನನ್ನು ಕರೆದು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದ. ಒಂದು ಗುಂಪೆಯನ್ನು ಮುಟ್ಟಿ "ಇದು ಯಾರಿಗೆ?" ಎಂದರೆ ಹುಡುಗ ನೋಡದೆ ಒಂದು ಮನೆಯ ಹೆಸರು ಹೇಳಬೇಕು. ಆ ಹುಡುಗ ನಾನಾಗಿದ್ದ ದಿನಗಳಲ್ಲಿ ನನ್ನ ಗತ್ತು ಹೇಳತೀರದು. ಇಷ್ಟು ನ್ಯಾಯವಾಗಿ ಹಂಚಿಕೆಯಾದ ಬೇರೆ ಯಾವ ವಸ್ತುವನ್ನೂ ನಾನು ನಮ್ಮ ಊರಿನಲ್ಲಿ ನೋಡಿಲ್ಲ. ನೀರನ್ನೂ ಇಲ್ಲ, ಹೊಲವನ್ನೂ ಇಲ್ಲ.

ಆ ನ್ಯಾಯ ನಮ್ಮ ಮನೆಯ ಹೊಸ್ತಿಲ ತನಕ ಮಾತ್ರ. ಒಳಗೆ ಬಂದರೆ ಅಪ್ಪನಿಗೆ ಮೊದಲು, ಗಂಡು ಮಕ್ಕಳಿಗೆ ಆಮೇಲೆ, ಅಕ್ಕನಿಗೆ ಉಳಿದರೆ, ಅವ್ವನಿಗೆ ಸಾರು ಮತ್ತು ಎಲುಬು. ಅವ್ವ ಮೊದಲು ಸೋಮವಾರ ಒಂದೇ ವಾರ ಮಾಡುತ್ತಿದ್ದಳು. ಆಮೇಲೆ ಹನುಮಪ್ಪನ ಶನಿವಾರ ಸೇರಿತು. ಮಂತ್ರಾಲಯಕ್ಕೆ ಹೋಗಿ ಬಂದ ಮೇಲೆ ಗುರುವಾರ. ಶ್ರಾವಣ ಇಡೀ ತಿಂಗಳು, ನವರಾತ್ರಿಯ ಒಂಬತ್ತು ದಿನ, ಮೊಹರಂನಲ್ಲಿ ಅಲಾಯಿ ದೇವರು ಕೂತ ದಿನಗಳು ಬೇರೆ. ನಮ್ಮ ಊರಿನಲ್ಲಿ ಅಲಾಯಿ ಹಿಡಿಯುವವರಲ್ಲಿ ಹಿಂದೂಗಳೂ ಇದ್ದರು, ವ್ರತಕ್ಕೆ ಧರ್ಮದ ಬೇಲಿ ಇರಲಿಲ್ಲ. ಒಮ್ಮೆ ಕೂತು ಲೆಕ್ಕ ಹಾಕಿದೆ. ಮೂರು ವಾರಗಳಿಂದಲೇ ವರ್ಷಕ್ಕೆ 156 ದಿನ, ಉಳಿದದ್ದನ್ನೂ ಕೂಡಿಸಿದರೆ ಹತ್ತಿರ ಹತ್ತಿರ ಅರ್ಧ ವರ್ಷ. ದೇಶದಲ್ಲಿ ಹದಿನೈದು ವರ್ಷ ದಾಟಿದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಮಾಂಸಾಹಾರಿಗಳು ಎಂದು 2014ರ ಸರ್ಕಾರಿ ಸಮೀಕ್ಷೆ ಹೇಳುತ್ತದೆ. ಅವ್ವನನ್ನು ಯಾವ ಕಲಮಿಗೆ ಬರೆದುಕೊಂಡಿರುತ್ತಾರೆ?

ಬಹಳ ವರ್ಷ ಇದನ್ನು ಭಕ್ತಿ ಎಂದೇ ತಿಳಿದಿದ್ದೆ. ಈಗ ಹಿಂತಿರುಗಿ ನೋಡಿದರೆ, ನಾವು ನಾಲ್ವರು ಮಕ್ಕಳು ಬೆಳೆದಂತೆ ಅವ್ವನ ವಾರಗಳೂ ಬೆಳೆದಿದ್ದವು. ಪಾಲಿನ ಗುಂಪೆ ಅಷ್ಟೇ ಇತ್ತು, ತಟ್ಟೆಗಳು ದೊಡ್ಡವಾಗಿದ್ದವು. "ಇವತ್ತು ನನ್ನದು ವಾರ" ಎಂದುಬಿಟ್ಟರೆ ಬಡಿಸುವ ಕೈಗೆ ಕಷ್ಟವಿಲ್ಲ, ಉಣ್ಣುವ ಮಕ್ಕಳಿಗೆ ಪಾಪಪ್ರಜ್ಞೆ ಇಲ್ಲ. ದೇವರ ಹೆಸರಿನಲ್ಲಿ ಹಸಿವನ್ನು ಮಡಚಿ ಎತ್ತಿಡುವ ಈ ಕಲೆ ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡದೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. ಅದನ್ನು ಓದಿದಾಗ ನನಗೆ ಅವ್ವನ ಸೋಮವಾರಗಳು ನೆನಪಾದವು. ಅವಳನ್ನು ಕೇಳಿದರೆ ಒಪ್ಪುವುದಿಲ್ಲ, "ದೇವರ ಮಾತು ಆಡಬೇಡ" ಎನ್ನುತ್ತಾಳೆ. ಅವಳ ಮಟ್ಟಿಗೆ ಅವಳೇ ಸರಿ ಇರಬಹುದು.

ಇದಕ್ಕೆ ತೀರ ಎದುರು ತುದಿಯಲ್ಲಿ ಅಕ್ಕನ ಮಗಳು. ಬೆಂಗಳೂರಿನಲ್ಲಿ ಓದುತ್ತಾಳೆ, ಎರಡು ವರ್ಷದಿಂದ ವೀಗನ್. ಮಾಂಸ, ಮೊಟ್ಟೆ ಬಿಟ್ಟದ್ದು ಸರಿ, ಹಾಲು, ಮೊಸರು, ತುಪ್ಪವೂ ಬೇಡ. ಎಮ್ಮೆ ಕಟ್ಟಿದ ಅಜ್ಜಿಯ ಮನೆಗೆ ಬಂದು "ಹಾಲು ಬೇಡ" ಎನ್ನುವುದೆಂದರೆ ಅಜ್ಜಿಯನ್ನೇ ಬೇಡ ಎಂದಂತೆ. ಮೊದಲ ಸಂಜೆ ಅವ್ವ ಮುಖ ಊದಿಸಿಕೊಂಡು ಕೂತಳು. ಹುಡುಗಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೊರಳು ಸವರುತ್ತ ಕೇಳಿದಳು, "ಅಜ್ಜಿ, ಇದು ಹೋದ ಸಲ ಈದದ್ದು ಗಂಡು ಕರುವೋ ಹೆಣ್ಣೋ?" "ಗಂಡು." "ಎಲ್ಲಿದೆ?" ಅವ್ವ ಮೇವಿನ ಕಂತೆ ಬಿಚ್ಚುತ್ತಿದ್ದವಳು ಬಿಚ್ಚುತ್ತಲೇ ಇದ್ದಳು. "ಸಂತೆಗೆ ಹೋಯಿತು" ಎಂದಳು ಕೊನೆಗೆ. ಇನ್ನೊಂದು ಪ್ರಶ್ನೆ ಕೇಳಲು ಹುಡುಗಿಯೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರ ಲೋಟಗಳ ನಡುವೆ ಒಂದರಲ್ಲಿ ಕರಿ ಚಹಾ ಇತ್ತು, ಮೇಲೆ ನಿಂಬೆರಸ ಹಿಂಡಿತ್ತು. ನಾನು ಮೊಸರನ್ನದವನು, ಆ ಲೋಟವನ್ನು ಸ್ವಲ್ಪ ಹೊತ್ತು ನೋಡಿದೆ. ಹಾಲಿನ ಹಿಂದೆಯೂ ಕಟುಕನ ಅಂಗಡಿ ಇದೆ ಎಂಬುದನ್ನು ಮರೆಯಲು ನಮ್ಮಂಥ ಸಸ್ಯಾಹಾರಿಗಳಿಗೆ ಎಷ್ಟು ಅಭ್ಯಾಸ ಬೇಕಾಗಿದೆ!

ಅವಳ ಇನ್ನೊಂದು ವಾದ ಪರಿಸರದ್ದು. ಮೆಲುಕು ಹಾಕುವ ಪ್ರಾಣಿಗಳ ತೇಗಿನಿಂದ ಮಿಥೇನ್ ಬರುತ್ತದೆ, ಭೂಮಿ ಕಾಯುತ್ತದೆ ಎಂದಳು. ನಿಜ. ಆದರೆ ನಿಂತ ನೀರಿನ ಗದ್ದೆಯಿಂದಲೂ ಮಿಥೇನ್ ಬರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ನೀರು ಹರಿದ ಮೇಲೆ ಜೋಳ, ನವಣೆಯ ಹೊಲಗಳನ್ನು ಗದ್ದೆ ಮಾಡಿಕೊಂಡವರು ನಾವು. ಈ ಸೀಮೆಯ ಕುರಿಯೋ, ಕೊಯ್ದ ಹೊಲದ ಕೂಳೆ, ಬೀಳಿನ ಹುಲ್ಲು ಮೇಯ್ದು ಬೆಳೆಯುವ ಪ್ರಾಣಿ. ಬಳ್ಳಾರಿ ಹೆಸರಿನದೇ ಒಂದು ತಳಿ ಇದೆ, ಅದರ ಒರಟು ಉಣ್ಣೆಯಿಂದ ಕಂಬಳಿ ಆಗುತ್ತದೆ. ಕುರಿಗಾರರು ಹೊಲದಲ್ಲಿ ಹಿಂಡು ನಿಲ್ಲಿಸಿದರೆ ಆ ವರ್ಷ ಗೊಬ್ಬರದ ಚಿಂತೆ ಇಲ್ಲ. ಬೇರೆ ದೇಶಗಳಲ್ಲಿ ಕಾಡು ಕಡಿದು, ಕಾಳು ತಿನ್ನಿಸಿ ಬೆಳೆಸುವ ದನದ ಲೆಕ್ಕವನ್ನು ಈ ಕುರಿಯ ತಲೆಗೆ ಕಟ್ಟುವುದು ಅಷ್ಟು ಸರಿಯಲ್ಲ ಎಂದು ನನ್ನ ಎಣಿಕೆ. ಅವಳು ಒಪ್ಪಲಿಲ್ಲ. ಅವಳ ವಯಸ್ಸಿನಲ್ಲಿ ಒಪ್ಪಬಾರದು ಕೂಡ.

"ನಮ್ಮ ಪೂರ್ವಿಕರು ಏನು ತಿನ್ನುತ್ತಿದ್ದರು" ಎಂಬ ವಾದ ಹೂಡುವವರನ್ನು ಮಾತ್ರ ನಾನು ಬಳ್ಳಾರಿಯ ಪಕ್ಕದ ಸಂಗನಕಲ್ಲಿಗೆ ಕಳಿಸುತ್ತೇನೆ. ಅಲ್ಲಿನ ಗುಡ್ಡಗಳಲ್ಲಿ ನಾಲ್ಕೈದು ಸಾವಿರ ವರ್ಷದ ಹಿಂದೆ ನವಶಿಲಾಯುಗದ ಜನ ಇದ್ದರು. ದನದ ಸಗಣಿ ಸುಟ್ಟ ಬೂದಿದಿಬ್ಬಗಳನ್ನು ಬಿಟ್ಟು ಹೋಗಿದ್ದಾರೆ, ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಹುರುಳಿ, ಹೆಸರು, ಕಿರುಧಾನ್ಯವನ್ನೂ ಬೆಳೆದು ತಿಂದರು, ಸಾಕಿದ ದನ ಕುರಿಗಳನ್ನೂ ತಿಂದರು. ಎರಡೂ ಪಕ್ಷದವರಿಗೆ ಅಲ್ಲಿ ಸಾಕ್ಷಿ ಸಿಗುತ್ತದೆ. ಆದ್ದರಿಂದಲೇ ಆ ವಾದದಿಂದ ಪ್ರಯೋಜನವಿಲ್ಲ.

ನನಗೆ ಹೆಚ್ಚು ಹತ್ತಿರದವನು ಎನಿಸುವುದು ಅಶೋಕ. ಜನವರಿಯ ಹೊತ್ತಿಗೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ರೊಟ್ಟಿಯ ಗಂಟುಗಳು ಬರುತ್ತವೆ. ಲಕ್ಷಗಟ್ಟಲೆ ಜನ ದಾಸೋಹದಲ್ಲಿ ಉಂಡು ಏಳುತ್ತಾರೆ, ಮಾಂಸದ ನೆನಪೂ ಯಾರಿಗೂ ಬರುವುದಿಲ್ಲ. ಅದೇ ಮನೆಗಳ ಎಷ್ಟೋ ಜನ ಬೇಸಿಗೆಯಲ್ಲಿ ಹುಲಿಗೆಮ್ಮನಿಗೆ ನಡೆದುಕೊಂಡು ಊರ ಹೊರಗೆ ಒಲೆ ಹೂಡುತ್ತಾರೆ. ಪ್ರಾಣಿಬಲಿ ತಡೆಯುವ ಕಾಯ್ದೆ ರಾಜ್ಯದಲ್ಲಿ 1959ರಿಂದ ಇದೆ. ಒಲೆಯ ಹೊಗೆ ಅದಕ್ಕೂ ಹಳೆಯದು. ಇರಲಿ, ಹೇಳಬೇಕಾದದ್ದು ಬೇರೆ. ಆ ಗವಿಮಠದ ಗುಡ್ಡದ ಬಂಡೆಯ ಮೇಲೆಯೇ ಅಶೋಕನ ಶಾಸನವೊಂದಿದೆ. ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ ಎಂದು ಚಕ್ರವರ್ತಿ ಅದರಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಅದನ್ನು ಮೊದಲು ತಿಳಿದಾಗ ನನ್ನ ನಿಂಬೆಹೋಳಿನ ವರ್ಷ ನೆನಪಾಗಿ ನಗು ಬಂತು. ಬಳ್ಳಾರಿಯಿಂದ ಬಹಳ ದೂರವೇನಲ್ಲದ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅವನ ಅಡುಗೆಮನೆಯ ಲೆಕ್ಕವೂ ಇದೆ. ಮೊದಲು ಅರಮನೆಯ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಶಾಸನ ಬರೆಸುವ ಹೊತ್ತಿಗೆ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ನಿತ್ಯವಿಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂಬ ಮಾತು ಕೊನೆಗೆ.

ದೇಶಕ್ಕೆಲ್ಲ ಅಹಿಂಸೆ ಸಾರುವವನು ಆ ಎರಡು ನವಿಲನ್ನು ಮುಚ್ಚಿಡಬಹುದಾಗಿತ್ತು. ಕೇಳುವವರು ಯಾರಿದ್ದರು? ಅವನ ಅಡುಗೆಮನೆಯ ಕಸದ ಬುಟ್ಟಿಯನ್ನು ಇಣುಕುವ ಧೈರ್ಯ ಯಾರಿಗಿತ್ತು? ಆದರೂ ಇನ್ನೂ ಬಿಡಲಾಗದ ಮೂರನ್ನು ಕಲ್ಲಿನಲ್ಲಿ ಕೊರೆಸಿದ.

ಬಿಡದಿರುವವರ ಕಾರಣಗಳಲ್ಲಿ ನನ್ನನ್ನು ಬಾಯಿ ಮುಚ್ಚಿಸಿದ್ದು ಒಂದೇ. ಹೆಚ್ಚಿನವರು "ರುಚಿ" ಎನ್ನುತ್ತಾರೆ, ಅದು ಪ್ರಾಮಾಣಿಕ ಉತ್ತರ, ಅಲ್ಲಿಗೇ ಮಾತು ಮುಗಿಯುತ್ತದೆ. ಆದರೆ ಹಿಂದಿನ ಶಾಲೆಯ ನನ್ನ ಸಹೋದ್ಯೋಗಿಯೊಬ್ಬರು, ದಲಿತ ಕೇರಿಯಲ್ಲಿ ಹುಟ್ಟಿ ಬೆಳೆದವರು, ಒಂದು ದಿನ ಊಟದ ಡಬ್ಬಿ ಬಿಚ್ಚುತ್ತ ಹೇಳಿದರು: "ನನಗೆ ಮಾಂಸ ಅಷ್ಟು ಸೇರುವುದಿಲ್ಲ ಸರ್. ಬಿಡುವುದು ಸುಲಭ. ಆದರೆ ಬಿಟ್ಟ ಮರುದಿನ ಇವನು ಸುಧಾರಿಸಿದ ಎನ್ನುತ್ತಾರೆ. ಹಾಗಾದರೆ ನನ್ನ ಅಪ್ಪ ಸುಧಾರಿಸಿರಲಿಲ್ಲವೇ? ಅದಕ್ಕೇ ತಿನ್ನುತ್ತೇನೆ." ಮೇಲಿನವರ ಊಟ, ಆಚಾರ ಹಿಡಿದು ಜಾತಿಗಳು ಮೇಲೇರಲು ನೋಡುವುದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಎಂದು ಹೆಸರಿಟ್ಟರು. ಅದನ್ನು ಪರೀಕ್ಷೆಗೆಂದು ಓದಿದ್ದೆ. ಆ ದಿನ ಡಬ್ಬಿಯ ಮುಂದೆ ಅರ್ಥವಾಯಿತು. ನನ್ನ "ಇಲ್ಲ ಅಮ್ಮ" ಯಾವ ಮೆಟ್ಟಿಲು ಎಂಬುದೂ ತಿಳಿಯಿತು.

ದೇಹದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಸತ್ಯವಾದೀತು. ಬಿಟ್ಟು ಏಳನೆಯ ವರ್ಷಕ್ಕೆ ಪಾದಗಳಲ್ಲಿ ಜೋಮು ಶುರುವಾಯಿತು. ರಕ್ತಪರೀಕ್ಷೆಯಲ್ಲಿ ಬಿ12 ತಳ ಹಿಡಿದಿತ್ತು. ಗಿಡದಿಂದ ಬರುವ ಆಹಾರದಲ್ಲಿ ಅದು ಇಲ್ಲವೆಂದೇ ಹೇಳಬೇಕು. ಹಾಲು ಮೊಸರಿನಲ್ಲಿ ಒಂದಿಷ್ಟು, ಮೊಟ್ಟೆ, ಮೀನು, ಮಾಂಸದಲ್ಲಿ ಇನ್ನೂ ಹೆಚ್ಚು. ಮೂಲದಲ್ಲಿ ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ. ಈಗ ಮಾತ್ರೆ ನುಂಗುತ್ತೇನೆ. ಮಾತ್ರೆ ಕೊಳ್ಳಲು ನನಗೆ ಸಂಬಳವಿದೆ.

ಇದೆಲ್ಲ ಈಗ ಬರೆಯಲು ಕಾರಣ ಮೊಟ್ಟೆ. 2021ರ ಡಿಸೆಂಬರಿನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು. ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಪರವಾಗಿ, ವಿರೋಧವಾಗಿ ದೊಡ್ಡವರು ಏನೇನು ಮಾತಾಡಿದರು ಎಂಬುದು ಎಲ್ಲರಿಗೂ ನೆನಪಿದೆ. ನಮ್ಮ ಶಾಲೆಯಲ್ಲಿ ಅದರ ಲೆಕ್ಕ ನನ್ನ ಪಾಲಿಗೆ ಬಿತ್ತು. ಮೊಟ್ಟೆ ಮುಟ್ಟದ ಮೇಷ್ಟ್ರು ಮೂವತ್ತರ ಟ್ರೇಗಳನ್ನು ಎಣಿಸಿ ಇಳಿಸಿಕೊಂಡು, ಒಡೆದದ್ದನ್ನು ಬೇರೆ ಇಟ್ಟು, ಬೆಂದ ಮೇಲೆ ಚಿಕ್ಕ ಮಕ್ಕಳಿಗೆ ಸುಲಿದುಕೊಡಬೇಕು. ಮೊದಲ ವಾರ ಆ ವಾಸನೆಗೆ ತಲೆ ತಿರುಗುತ್ತಿತ್ತು. ಈಗ ತಣ್ಣೀರಿನಲ್ಲಿ ಅದ್ದಿ, ನೆಲಕ್ಕೆ ಒಮ್ಮೆ ಉರುಳಿಸಿ, ಒಂದೇ ಎಳೆತಕ್ಕೆ ಸಿಪ್ಪೆ ಬಿಡಿಸುವುದರಲ್ಲಿ ಅಡುಗೆಯವರಿಗಿಂತ ನಾನೇ ಚುರುಕು.

ರಿಜಿಸ್ಟರಿನಲ್ಲಿ ಎರಡು ಕಲಮುಗಳಿವೆ. ಮೊಟ್ಟೆ, ಬಾಳೆಹಣ್ಣು. ಮನೆಯವರು ಹೇಳಿದಂತೆ ಹೆಸರು ಬರೆಯುವುದು ಪದ್ಧತಿ. ಈ ವರ್ಷ ಐದನೆಯ ತರಗತಿಯ ಹುಡುಗನೊಬ್ಬ ಬಾಳೆಹಣ್ಣಿನ ಕಲಮಿನಲ್ಲಿದ್ದ. ಸಣಕಲ, ಮಾತು ಕಡಿಮೆ. ಹಣ್ಣನ್ನು ಜೇಬಿಗೆ ತುರುಕಿಕೊಂಡು, ನಾನು ಸಿಪ್ಪೆ ಬಿಡಿಸುವಾಗ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಒಂದು ದಿನ "ಸರ್, ನನ್ನ ಹೆಸರನ್ನು ಆ ಕಡೆ ಬರೆಯಿರಿ" ಎಂದ. "ಮನೆಯಲ್ಲಿ ಕೇಳಿಕೊಂಡು ಬಾ" ಎಂದೆ. ಎದ್ದು ಹೋದ.

ಮರುದಿನ ಪ್ರಾರ್ಥನೆಗೂ ಮೊದಲೇ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

"ಕೇಳಿದೆಯಾ?"

"ಕೇಳಿದೆ ಸರ್. ಅವ್ವ ಹೂಂ ಎಂದಳು."

ನನ್ನನ್ನು ನೋಡಲಿಲ್ಲ. ನನ್ನ ಪಕ್ಕದ ಖಾಲಿ ಟ್ರೇಯ ಗುಳಿಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಪೆನ್ನಿನ ಮುಚ್ಚಳ ತೆಗೆದು, ಒಂದು ಹೆಸರಿನ ಮೇಲೆ ಗೆರೆ ಎಳೆದು, ಇನ್ನೊಂದು ಕಲಮಿನ ಕೊನೆಯಲ್ಲಿ ಬರೆದುಕೊಂಡೆ. ಮಧ್ಯಾಹ್ನ ಅವನ ತಟ್ಟೆಗೆ ಮೊಟ್ಟೆ ಇಟ್ಟು ಉಪ್ಪು ಬೇಕೇ ಎಂದು ಕೇಳಿದೆ. ಬೇಕು ಎಂದ.